ಆಫ್ರಿಕನ್ ಮಹಾಗನಿ: ತೂಕದ ಮರವೇ, ಚೇಗಿನ ಮರವೇ?



ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳಲ್ಲಿ ಅಡಿಕೆ, ಭತ್ತ ಬೆಳೆಯುವ ಕೃಷಿಕರಿಂದ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಒಂದಿದೆ: "ಆಫ್ರಿಕನ್ ಮಹಾಗನಿ ಹಾಕಬಹುದೇ?" ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರ ಸಾಲದು. ಈ ಮರಕ್ಕೆ ಬೆಲೆ ಬರುವುದು ಅದರ ತೂಕದಿಂದಲ್ಲ, ಚೇಗಿನಿಂದ. ಚೇಗು ಕಟ್ಟುವಷ್ಟು ಕಾಲ ಕಾಯಲು ಸಿದ್ಧರಿರುವವರಿಗೆ, ಕಾಂಡವನ್ನು ನೇರವಾಗಿ ಬೆಳೆಸುವ ಶ್ರಮ ವಹಿಸುವವರಿಗೆ ಮಾತ್ರ ಇದು ಲಾಭದಾಯಕ. ಹತ್ತು ವರ್ಷಕ್ಕೆ ಕಡಿದು ಮಾರುವ ಲೆಕ್ಕಾಚಾರದಲ್ಲಿ ನೆಟ್ಟರೆ ಮಹಾಗನಿಯ ಹೆಸರಿದ್ದೂ ಮಹಾಗನಿಯ ಬೆಲೆ ಸಿಗದು. ಈ ಮಾತಿಗೆ ಆಧಾರವಾದ ಅಂಶಗಳನ್ನು ಮುಂದೆ ವಿವರಿಸಲಾಗಿದೆ.

ಪ್ರಶ್ನೆ ಈಗ ಏಕೆ ಎದ್ದಿದೆ?

ಅಡಿಕೆಗೆ ಮಳೆಗಾಲದ ಕೊಳೆರೋಗದ ಜೊತೆಗೆ ಎಲೆಚುಕ್ಕೆ ರೋಗವೂ ಸೇರಿ ಮಲೆನಾಡಿನ ಹಲವು ತೋಟಗಳನ್ನು ಸೊರಗಿಸಿದೆ. ಕೂಲಿಯ ಕೊರತೆ ಎಲ್ಲರಿಗೂ ತಿಳಿದದ್ದೇ. ಒಂದೇ ಬೆಳೆಯನ್ನು ನಂಬಿ ಕುಳಿತರೆ ಆಗದು ಎಂಬ ಅರಿವು ರೈತರಲ್ಲಿ ಮೂಡಿದೆ, ಅದು ಸ್ವಾಗತಾರ್ಹ. ಇದೇ ಸಮಯದಲ್ಲಿ ಹತ್ತು-ಹನ್ನೆರಡು ವರ್ಷಗಳಲ್ಲಿ ಎಕರೆಗೆ ಕೋಟಿ ರೂಪಾಯಿ ಆದಾಯವೆಂಬ ಪ್ರಚಾರದೊಡನೆ ಮಹಾಗನಿ ಸಸಿಗಳ ಮಾರಾಟವೂ ಹಬ್ಬಿದೆ. "ಮರವನ್ನು ನಾವೇ ಕೊಳ್ಳುತ್ತೇವೆ" ಎಂಬ ಭರವಸೆ ಕೆಲವೆಡೆ ಸಸಿಯ ಜೊತೆಗೇ ಬರುತ್ತದೆ. ಭರವಸೆಯನ್ನು ತೂಗಿ ನೋಡಬೇಕಾದರೆ ಮೊದಲು ಮರವನ್ನು ಅರಿಯಬೇಕು.

ಹೆಸರು ಒಂದು, ಮರಗಳು ಹಲವು

ಮಹಾಗನಿ ಎಂಬುದು ಒಂದೇ ಮರದ ಹೆಸರಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಸ್ವೀಟೇನಿಯಾ ಕುಲದ ಮರವೇ ಮೂಲ ಮಹಾಗನಿ. ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ 1795ರಲ್ಲೇ ತರಲಾಗಿತ್ತು. ಆಫ್ರಿಕನ್ ಮಹಾಗನಿ ಎಂಬುದು ಖಾಯಾ ಎಂಬ ಬೇರೊಂದು ಕುಲ. ಎರಡೂ ಬೇವಿನ ಕುಟುಂಬಕ್ಕೆ ಸೇರಿದವು. ನಮ್ಮ ಹೆಬ್ಬೇವು, ಗಂಧಗರಿಗೆ ಮರಗಳೂ ಇದೇ ಕುಟುಂಬದವು. ಇನ್ನು ಫಿಲಿಪ್ಪೀನ್ ಮಹಾಗನಿ ಎಂದು ವ್ಯಾಪಾರದಲ್ಲಿ ಕರೆಯುವ ಮರಕ್ಕೂ ಈ ಕುಟುಂಬಕ್ಕೂ ಸಂಬಂಧವೇ ಇಲ್ಲ. ಅದು ಸಾಲವೃಕ್ಷದ ಬಳಗದ್ದು.

ಖಾಯಾದಲ್ಲೂ ಮುಖ್ಯವಾಗಿ ಎರಡು ಬಗೆಗಳನ್ನು ನೀವು ಅರಿತಿರಬೇಕು.

1. ಖಾಯಾ ಸೆನೆಗಲೆನ್ಸಿಸ್: ಸೆನೆಗಲ್‌ನಿಂದ ಸುಡಾನ್ ಮತ್ತು ಉಗಾಂಡದವರೆಗೆ, ವರ್ಷದಲ್ಲಿ ನಾಲ್ಕರಿಂದ ಏಳು ತಿಂಗಳು ಒಣಹವೆ ಇರುವ ಸೀಮೆಯ ಮರ. ಸುಮಾರು 650ರಿಂದ 1,300 ಮಿ.ಮೀ. ಮಳೆಯಲ್ಲಿ ಬೆಳೆಯುತ್ತದೆ.

2. ಖಾಯಾ ಐವೊರೆನ್ಸಿಸ್: ಪಶ್ಚಿಮ ಆಫ್ರಿಕದ ಕರಾವಳಿಯ ಮಳೆಕಾಡಿನ ಮರ. ಹೆಚ್ಚು ಮಳೆಯನ್ನೂ ಸದಾ ತೇವವಾದ ನೆಲವನ್ನೂ ಬಯಸುತ್ತದೆ.

ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳು ದಕ್ಷಿಣ ಸಂಕ್ರಮಣ ವಲಯದಲ್ಲಿವೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಇಲ್ಲಿನ ಒಣಹವೆಗೆ ಹೊಂದಿಕೊಳ್ಳುವುದು ಮೊದಲ ಬಗೆ. ತೀರ್ಥಹಳ್ಳಿ, ಹೊಸನಗರದ ಭಾರಿ ಮಳೆಯ ಪ್ರದೇಶಕ್ಕೆ ಅದು ಸಹಜವಾದ ನೆಲೆಯಲ್ಲ. ಸಸಿ ಮಾರುವವರು "ಆಫ್ರಿಕನ್ ಮಹಾಗನಿ" ಎಂದಷ್ಟೇ ಹೇಳಿ ಬಗೆಯನ್ನು ಹೇಳದಿದ್ದರೆ ಅಲ್ಲಿಯೇ ಎಚ್ಚರವಾಗಬೇಕು.

ಬೆಳೆದ ಮರಗಳಲ್ಲಿ ಕಾಯಿಯನ್ನು ನೋಡಿ ಕುಲವನ್ನು ಸುಲಭವಾಗಿ ಗುರುತಿಸಬಹುದು. ಸ್ವೀಟೇನಿಯಾದ ಕಾಯಿ ಉದ್ದನೆಯದು, ದೊಡ್ಡದು, ರೆಂಬೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ, ಬುಡದಿಂದ ಬಿರಿಯುತ್ತದೆ, ಬೀಜಕ್ಕೆ ಒಂದು ಬದಿಗೆ ಮಾತ್ರ ಉದ್ದ ರೆಕ್ಕೆ. ಖಾಯಾದ ಕಾಯಿ ಗುಂಡಗೆ. ತುದಿಯಿಂದ ನಾಲ್ಕೈದು ಹೋಳಾಗಿ ಬಿರಿಯುತ್ತದೆ. ಬೀಜ ಚಪ್ಪಟೆಯಾಗಿದ್ದು ಸುತ್ತಲೂ ಕಿರಿದಾದ ರೆಕ್ಕೆಯಂಚು ಇರುತ್ತದೆ. ಕೊಯ್ದ ದಿಮ್ಮಿಯ ಅಡ್ಡಕೊಯ್ತದಲ್ಲಿ ಸ್ವೀಟೇನಿಯಾಗೆ ಬೆಳವಣಿಗೆಯ ಉಂಗುರಗಳ ಅಂಚಿನಲ್ಲಿ ತೆಳುವಾದ ಬಿಳಿ ಗೆರೆಗಳು ಕಾಣುತ್ತವೆ. ಖಾಯಾದಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ. ಖಚಿತವಾದ ಗುರುತಿಗೆ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂತಹ ಪರಿಣತ ಸಂಸ್ಥೆಯ ನೆರವು ಪಡೆಯುವುದು ಸೂಕ್ತ.

ಮರದ ಗುಣಲಕ್ಷಣಗಳು

ಬಣ್ಣ: ಹೊಸದಾಗಿ ಕೊಯ್ದ ಚೇಗು ನಸುಗೆಂಪು ಕಂದು, ಗಾಳಿ-ಬೆಳಕಿಗೆ ಒಡ್ಡಿದಂತೆ ಕೆಂಗಂದಾಗಿ ಗಾಢವಾಗುತ್ತದೆ. ಚೇಗಿನ ಸುತ್ತಲಿನ ಹೊರಭಾಗ ಮಾಸಲು ಬಿಳಿ ಅಥವಾ ತಿಳಿಹಳದಿ.

ತೂಕ: ಒಣಗಿದ ಸೆನೆಗಲೆನ್ಸಿಸ್ ಮರ ಘನ ಮೀಟರಿಗೆ ಸುಮಾರು 700ರಿಂದ 800 ಕಿ.ಗ್ರಾಂ. ತೂಗುತ್ತದೆ. ಐವೊರೆನ್ಸಿಸ್ ಹಗುರ, ಸುಮಾರು 450ರಿಂದ 570 ಕಿ.ಗ್ರಾಂ. ತೇಗದ ತೂಕ ಸುಮಾರು 650 ಕಿ.ಗ್ರಾಂ. ಎಂಬುದನ್ನು ಹೋಲಿಕೆಗೆ ಗಮನಿಸಿ. ಇವು ಬಲಿತ ಮರದ ಅಂಕಿಗಳು. ಕಾಂಡದ ನಡುವಿನಲ್ಲಿ ಮೊದಲ ವರ್ಷಗಳಲ್ಲಿ ಕೂಡಿದ ಎಳೆಯ ಮರ ಇದಕ್ಕಿಂತ ಹಗುರವೂ ದುರ್ಬಲವೂ ಆಗಿರುತ್ತದೆ. ಒಣಗುವಾಗ ಹೆಚ್ಚು ಸೊಟ್ಟಗಾಗುತ್ತದೆ.

ಎಳೆ: ಇದರ ಎಳೆಗಳು ಒಂದು ಪದರದಲ್ಲಿ ಒಂದು ಕಡೆಗೆ, ಮುಂದಿನ ಪದರದಲ್ಲಿ ಇನ್ನೊಂದು ಕಡೆಗೆ ಓರೆಯಾಗಿ ಹೆಣೆದುಕೊಂಡಿರುತ್ತವೆ. ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ ಸೀಳುವಂತೆ ಕೊಯ್ದರೆ ಹಲಗೆಯ ಮೇಲೆ ರೇಷ್ಮೆ ಪಟ್ಟಿಯಂತೆ ಹೊಳೆಯುವ ಗೆರೆಗಳು ಮೂಡುತ್ತವೆ. ಪೀಠೋಪಕರಣ ಮತ್ತು ವೆನೀರ್ ಉದ್ಯಮ ಈ ಮರಕ್ಕೆ ಬೆಲೆ ಕೊಡಲು ಈ ಹೊಳಪು ಒಂದು ಮುಖ್ಯ ಕಾರಣ.

ಬಾಳಿಕೆ: ಚೇಗು ಮಧ್ಯಮ ಬಾಳಿಕೆಯದು. ಬಿಳಿಭಾಗಕ್ಕೆ ಕುಟ್ಟೆ ಹುಳು, ಗೆದ್ದಲು ಬೇಗ ಹಿಡಿಯುತ್ತವೆ. ಚೇಗಿನೊಳಗೆ ಸಂರಕ್ಷಕ ರಾಸಾಯನಿಕ ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ತೇಗದ ಬಾಳಿಕೆಗೆ ಇದನ್ನು ಸಮನೆಂದು ಭಾವಿಸಬಾರದು.

ಬಡಗಿಯ ಕೆಲಸಕ್ಕೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಚೆನ್ನಾಗಿ ಒಣಗಿಸಿದ ಮಹಾಗನಿ ಹಲಗೆ ಕಡಿಮೆ ಹಿಗ್ಗುತ್ತದೆ, ಕಡಿಮೆ ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯುವ ಮಲೆನಾಡಿನ ಹವೆಗೆ ಇದು ದೊಡ್ಡ ಗುಣ. ಮೇಜು, ಕುರ್ಚಿ, ಕಪಾಟು, ಒಳಬಾಗಿಲಿನ ಹಲಗೆ, ಗೋಡೆಯ ಹೊದಿಕೆ, ವೆನೀರ್ ಇವಕ್ಕೆ ಇದು ಒಪ್ಪುತ್ತದೆ. ದೋಣಿ ಕಟ್ಟಲು, ಗಿಟಾರ್‌ನಂತಹ ವಾದ್ಯಗಳ ಒಡಲಿಗೆ ಜಗತ್ತಿನ ಇತರೆಡೆಗಳಲ್ಲಿ ಇದನ್ನು ಬಳಸುತ್ತಾರೆ. ಅಂಟು ಚೆನ್ನಾಗಿ ಹಿಡಿಯುತ್ತದೆ. ಪಾಲಿಶ್ ಅಂದವಾಗಿ ಏರುತ್ತದೆ.

ಆದರೆ ಎಳೆ ಹೆಣೆದುಕೊಂಡಿರುವ ಕಾರಣ ಹತ್ತರಿ ಹೊಡೆಯುವಾಗ ಮೇಲ್ಮೈ ಕಿತ್ತು ಬರುವುದುಂಟು. ಅಲಗು ಹರಿತವಾಗಿರಬೇಕು, ಒಂದೇ ಸಲಕ್ಕೆ ತೆಳುವಾಗಿ ತೆಗೆಯಬೇಕು, ಕೊನೆಗೆ ಮರಳು ಕಾಗದದಿಂದ ಉಜ್ಜಿ ನಯಗೊಳಿಸಬೇಕು. ಸೆನೆಗಲೆನ್ಸಿಸ್‌ನಂತಹ ಗಡುಸು ಮರಕ್ಕೆ ಮೊಳೆ, ಸ್ಕ್ರೂ ಹಾಕುವ ಮೊದಲು ರಂಧ್ರ ಕೊರೆಯುವುದು ಒಳಿತು. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಮಾಡುವಂತಹ ಸೂಕ್ಷ್ಮ ಕೆತ್ತನೆಗೆ ಈ ಎಳೆ ಒಗ್ಗುವುದಿಲ್ಲ. ಸಣ್ಣ ಅಂಚುಗಳು ಸಿಡಿಯುತ್ತವೆ. ಕೊಯ್ಯುವಾಗ ಏಳುವ ಧೂಳು ಕಣ್ಣು, ಮೂಗು, ಚರ್ಮಕ್ಕೆ ಕಿರಿಕಿರಿ ಉಂಟುಮಾಡುವುದರಿಂದ ಮುಖಗವಸು ಧರಿಸಬೇಕು.

ನೆಲಕ್ಕೆ ತಾಗುವ ಕಂಬ, ಬೇಲಿಗೂಟ, ಸದಾ ಮಳೆಗೆ ನೆನೆಯುವ ಹೊರ ಚೌಕಟ್ಟು ಇವಕ್ಕೆ ಈ ಮರ ಸಲ್ಲದು. ಬಿಳಿಭಾಗವನ್ನು ಸಂಸ್ಕರಿಸದೆ ಯಾವ ಪೀಠೋಪಕರಣಕ್ಕೂ ಬಳಸಬಾರದು.

ಸುತ್ತಳತೆಯ ಲೆಕ್ಕ

ಬಿಳಿಭಾಗಕ್ಕೆ ಬೆಲೆ ಕಡಿಮೆ, ಚೇಗಿಗೆ ಬೆಲೆ ಹೆಚ್ಚು. ಹಾಗಾದರೆ ಎಳೆಯ ಮರಕ್ಕೂ ಬಲಿತ ಮರಕ್ಕೂ ವ್ಯತ್ಯಾಸವೆಷ್ಟು? ನಮ್ಮ ಮರದ ವ್ಯಾಪಾರದಲ್ಲಿ ರೂಢಿಯಲ್ಲಿರುವ ಕಾಲು ಸುತ್ತಳತೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ ಘನ ಅಡಿ ಬರುತ್ತದೆ.

ತೊಗಟೆ ತೆಗೆದ 15 ಅಡಿ ಉದ್ದದ ದಿಮ್ಮಿಯ ಸುತ್ತಳತೆ 3 ಅಡಿ ಇದ್ದರೆ ಅದು ಸುಮಾರು 8.4 ಘನ ಅಡಿ. ಅದೇ ಉದ್ದದ ದಿಮ್ಮಿಯ ಸುತ್ತಳತೆ 5 ಅಡಿ ಇದ್ದರೆ ಸುಮಾರು 23.4 ಘನ ಅಡಿ. ಎರಡರಲ್ಲೂ ಬಿಳಿಭಾಗ ಸುತ್ತಲೂ 2 ಅಂಗುಲ ದಪ್ಪವಿದೆ ಎಂದು ಉದಾಹರಣೆಗೆ ಭಾವಿಸಿ. ಆಗ ಮೊದಲ ದಿಮ್ಮಿಯಲ್ಲಿ ಚೇಗು ಸುಮಾರು 3.6 ಘನ ಅಡಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಬಿಳಿಭಾಗವೇ. ಎರಡನೆಯದರಲ್ಲಿ ಚೇಗು ಸುಮಾರು 14.6 ಘನ ಅಡಿ. ಸುತ್ತಳತೆ 3ರಿಂದ 5 ಅಡಿಗೆ ಏರಿದಾಗ ಒಟ್ಟು ಮರ ಮೂರು ಪಟ್ಟಿನ ಹತ್ತಿರ ಬಂದರೆ, ಚೇಗು ನಾಲ್ಕು ಪಟ್ಟಾಯಿತು. ಸಾಮಿಲ್ಲಿನಲ್ಲಿ ಕೊಯ್ಯುವಾಗ ಆಗುವ ನಷ್ಟವನ್ನು ಇದರಲ್ಲಿ ಇನ್ನೂ ಕಳೆದಿಲ್ಲ.

ಹತ್ತು-ಹನ್ನೆರಡು ವರ್ಷಕ್ಕೆ ಕಡಿದ ಮರಕ್ಕೆ ಪ್ಲೈವುಡ್‌ನ ಒಳಪದರದ ಅಥವಾ ಪ್ಯಾಕಿಂಗ್ ಪೆಟ್ಟಿಗೆಯ ಮರದ ದರ ಸಿಗುವುದು ಏಕೆಂಬುದು ಇದರಿಂದ ತಿಳಿಯುತ್ತದೆ. ಆ ದರಕ್ಕೆ ಹೆಬ್ಬೇವು ಅಥವಾ ಸಿಲ್ವರ್ ಓಕ್ ಇದಕ್ಕಿಂತ ಬೇಗ ಬೆಳೆಯುತ್ತವೆ. ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲಿ ಖಾಯಾ ಸೆನೆಗಲೆನ್ಸಿಸ್‌ನ ಸಾವಿರಾರು ಹೆಕ್ಟೇರ್ ತೋಪುಗಳಿವೆ. ಅಲ್ಲಿಯೂ ಕಟಾವಿನ ಅವಧಿಯನ್ನು ಎರಡು ದಶಕಗಳ ಲೆಕ್ಕದಲ್ಲಿ ನೋಡುತ್ತಾರೆ.

ಭದ್ರಾವತಿ ಕಲಿಸಿದ ಪಾಠ

ಮರವನ್ನು ತೂಕದಲ್ಲಿ ಎಣಿಸುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಹೆಸರಿನಲ್ಲೇ ಮರದ ಭಟ್ಟಿಯ ಉಲ್ಲೇಖವಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಸುತ್ತಲಿನ ಕಾಡಿನ ಗಟ್ಟಿಮರ ಅಲ್ಲಿ ಇದ್ದಿಲಾಗಿ ಕಬ್ಬಿಣದ ಅದಿರನ್ನು ಕರಗಿಸಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ ಬೇಕಾದದ್ದು ತಿರುಳು. ನೀಲಗಿರಿ, ಅಕೇಶಿಯಾ ಮರಗಳು ಟನ್ ಲೆಕ್ಕದಲ್ಲಿ ಅದಕ್ಕೆ ಹೋದವು. ಇದ್ದಿಲಿಗೂ ತಿರುಳಿಗೂ ಮರ ಸೊಟ್ಟಗಿದ್ದರೇನು, ಗಂಟಿದ್ದರೇನು, ಚೇಗಿಲ್ಲದಿದ್ದರೇನು? ತೂಕ ಬಂದರೆ ಸಾಕಿತ್ತು.

ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ಸುಮಾರು ಒಂದು ದಶಕವಾಯಿತು. ಅದರ ಸಕ್ಕರೆ ಘಟಕವನ್ನು ನಂಬಿ ಕಬ್ಬು ಬೆಳೆಯುತ್ತಿದ್ದವರು ಬೇರೆ ದಾರಿ ಹುಡುಕಿಕೊಳ್ಳಬೇಕಾಯಿತು. ಕಬ್ಬಿನವರು ಮರುವರ್ಷವೇ ಬೆಳೆ ಬದಲಿಸಬಹುದು. ಮರ ನೆಟ್ಟವರಿಗೆ ಆ ಅನುಕೂಲವಿಲ್ಲ.

ಈ ಅನುಭವದಿಂದ ಎರಡು ಪಾಠಗಳನ್ನು ಕಲಿಯಬೇಕು. ಒಂದು, ಒಬ್ಬನೇ ಕೊಳ್ಳುಗನನ್ನು ನಂಬಿ ದೀರ್ಘಾವಧಿಯ ಬೆಳೆ ಹಾಕಬಾರದು. ಇಪ್ಪತ್ತು ವರ್ಷದ ಮರುಖರೀದಿ ಭರವಸೆಗೆ ಬೆಲೆ ಬರುವುದು ಅದನ್ನು ಕೊಟ್ಟವರು ಇಪ್ಪತ್ತು ವರ್ಷ ಉಳಿದರೆ ಮಾತ್ರ. ಎರಡು, ತೂಕದ ಮರ ಬೆಳೆಸುವ ಕ್ರಮದಲ್ಲಿ ಚೇಗಿನ ಮರ ಬೆಳೆಯಲಾಗದು. ಒತ್ತಾಗಿ ನೆಟ್ಟು, ಸವರದೆ, ಬೇಗ ಕಡಿಯುವುದು ತಿರುಳಿಗೆ ಸರಿ. ಮಹಾಗನಿಗೆ ಅದೇ ನಷ್ಟದ ದಾರಿ.

ಪನಾಮಾ ನಿರ್ಧಾರ ಮತ್ತು ಆಮದು ಮರ

2022ರ ನವೆಂಬರ್‌ನಲ್ಲಿ ಪನಾಮಾ ನಗರದಲ್ಲಿ ನಡೆದ ಸೈಟ್ಸ್ ಒಪ್ಪಂದದ ಸಮ್ಮೇಳನದಲ್ಲಿ ಆಫ್ರಿಕದ ಖಾಯಾ ಮರಗಳನ್ನು ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ನಮ್ಮ ಹೊನ್ನೆಯ ಕುಲಕ್ಕೆ ಸೇರಿದ ಆಫ್ರಿಕದ ಮರಗಳನ್ನೂ ಆಗಲೇ ಸೇರಿಸಿದರು. ಇದರರ್ಥ ವ್ಯಾಪಾರ ನಿಷೇಧವಲ್ಲ. ಆಫ್ರಿಕದಿಂದ ಹೊರಹೋಗುವ ದಿಮ್ಮಿ, ಹಲಗೆ, ವೆನೀರ್ ಮತ್ತು ಪ್ಲೈವುಡ್‌ಗೆ ಆಯಾ ದೇಶದ ಪರವಾನಗಿ ಬೇಕು. ಅಲ್ಲಿನ ಕಾಡಿನ ಮರ ಅತಿಯಾದ ಕಡಿತದಿಂದ ಕುಗ್ಗಿರುವುದೇ ಇದಕ್ಕೆ ಕಾರಣ.

ಇದನ್ನೇ ತೋರಿಸಿ "ಇನ್ನು ಮಹಾಗನಿ ಸಿಗದು, ನಿಮ್ಮ ಮರಕ್ಕೆ ಚಿನ್ನದ ಬೆಲೆ" ಎನ್ನುವ ಮಾತು ಕೇಳಿಬಂದರೆ ಅರ್ಧವನ್ನಷ್ಟೇ ನಂಬಿ. ನಮ್ಮ ದೇಶದಲ್ಲಿ ನೆಟ್ಟು ಬೆಳೆಸಿದ ಖಾಯಾ ಈ ಪಟ್ಟಿಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ನಿಜ. ಆದರೆ ಶಿವಮೊಗ್ಗದ ಪೀಠೋಪಕರಣ ಅಂಗಡಿಯಲ್ಲಿ ನಿಮ್ಮ ಮಹಾಗನಿ ಪೈಪೋಟಿ ನಡೆಸಬೇಕಾದದ್ದು ಕಾಡಿನ ಮಹಾಗನಿಯೊಡನೆ ಅಲ್ಲ, ಆಮದಾದ ತೇಗದೊಡನೆ. 2014ರಲ್ಲಿ ಮ್ಯಾನ್ಮಾರ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ಘಾನಾ, ಟಾಂಜಾನಿಯಾ, ಬೆನಿನ್ ಮೊದಲಾದ ದೇಶಗಳ ತೋಪಿನ ತೇಗ ನಮ್ಮ ಬಂದರುಗಳಿಗೆ ಹೇರಳವಾಗಿ ಬರುತ್ತಿದೆ. ಗ್ರಾಹಕರಿಗೂ ಬಡಗಿಗಳಿಗೂ ತೇಗ ಪರಿಚಿತ; ಖಾಯಾ ಹೊಸತು. ಬಡಗಿ ಕೇಳದ ಮರವನ್ನು ಸಾಮಿಲ್ಲು ಒಳ್ಳೆಯ ಬೆಲೆಗೆ ಕೊಳ್ಳುವುದಿಲ್ಲ. ಮಾರುಕಟ್ಟೆ ಬೆಳೆಯಬಹುದು, ಆದರೆ ಅದಕ್ಕೆ ಕಾಲ ಬೇಕು.

ನಮ್ಮ ಭೂಮಿಯಲ್ಲಿ ಬೆಳೆಸುವ ಕ್ರಮ

ಅಡಿಕೆ ಅಥವಾ ಭತ್ತವನ್ನು ತೆಗೆದು ಇಡೀ ಜಮೀನಿಗೆ ಮಹಾಗನಿ ಹಾಕುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಬದುವಿನ ಮೇಲೆ, ತೋಟದ ಅಂಚಿನಲ್ಲಿ, ಇತರ ಮರಗಳ ಜೊತೆಯಲ್ಲಿ ಬೆಳೆಸುವುದು ಸೂಕ್ತ.

1. ಅಡಿಕೆ ತೋಟದ ದಕ್ಷಿಣ ಮತ್ತು ಪಶ್ಚಿಮ ಅಂಚನ್ನು ಆರಿಸಿಕೊಳ್ಳಿ. ಸಂಜೆಯ ಬಿಸಿಲಿನ ಝಳದಿಂದ ಅಡಿಕೆಯ ಕಾಂಡಕ್ಕೆ ರಕ್ಷಣೆಯೂ ಸಿಗುತ್ತದೆ.

2. ಅಡಿಕೆಯ ಕೊನೆಯ ಸಾಲಿನಿಂದ 4-5 ಮೀಟರ್ ಬಿಡಿ. ನಡುವೆ ಎರಡು ಅಡಿ ಅಗಲ, ಎರಡೂವರೆ ಅಡಿ ಆಳದ ಅಗಳು ತೆಗೆದರೆ ಬೇರಿನ ಪೈಪೋಟಿ ತಗ್ಗುತ್ತದೆ.

3. ಸಾಲಿನಲ್ಲಿ 4 ಮೀಟರಿಗೊಂದರಂತೆ ನೆಡಿ. ಸೊಟ್ಟ ಮರಗಳನ್ನು ಮುಂದೆ ತೆಗೆದು ಉಳಿದವಕ್ಕೆ ಜಾಗ ಕೊಡಿ. ಎರಡು ಮಹಾಗನಿಗಳ ನಡುವೆ ಹಲಸು, ತೇಗ ಅಥವಾ ಹೆಬ್ಬೇವು ಇರಲಿ.

4. ವರ್ಷವಿಡೀ ನೀರು ನಿಲ್ಲುವ ಭತ್ತದ ಗದ್ದೆ, ತೆಳುಮಣ್ಣಿನ ಜಂಬಿಟ್ಟಿಗೆ ನೆಲ ಬೇಡ. ಆಳವಾದ, ನೀರು ಬಸಿಯುವ ಮಣ್ಣು ಉತ್ತಮ.

5. ಈ ಕುಟುಂಬದ ಮರಗಳ ಮುಖ್ಯ ಶತ್ರು ಕುಡಿಕೊರಕ ಹುಳು. ಅದು ತುದಿಯ ಕುಡಿಯನ್ನು ಕೊರೆದರೆ ಮರ ಕವಲೊಡೆದು ಕಾಂಡ ಗಿಡ್ಡಾಗುತ್ತದೆ. ಮೊದಲ ನಾಲ್ಕೈದು ವರ್ಷ ಹೊಸ ಚಿಗುರು ಬರುವಾಗ ಹದಿನೈದು ದಿನಕ್ಕೊಮ್ಮೆ ನೋಡಿ. ಬಾಡಿದ ಕುಡಿಯನ್ನು ಹುಳು ಸಹಿತ ಕತ್ತರಿಸಿ ನಾಶಪಡಿಸಿ. ಆಮೇಲೆ ಬರುವ ಚಿಗುರುಗಳಲ್ಲಿ ಬಲವಾದ ಒಂದನ್ನು ಮಾತ್ರ ಉಳಿಸಿ.

6. ಪಕ್ಕದ ರೆಂಬೆಗಳನ್ನು ಎಳೆಯದಿದ್ದಾಗಲೇ, ಒಣ ತಿಂಗಳುಗಳಲ್ಲಿ, ಕಾಂಡಕ್ಕೆ ಗಾಯವಾಗದಂತೆ ಸವರಿ. ಒಂದೇ ಸಲಕ್ಕೆ ಮರದ ಅರ್ಧ ಎತ್ತರ ಮೀರಿ ಸವರಬೇಡಿ. ಗಂಟಿಲ್ಲದ 15 ಅಡಿ ಕಾಂಡ ಸಿಗುವುದು ಗುರಿಯಾಗಿರಲಿ.

ಮಿಶ್ರವಾಗಿ ಬೆಳೆಸುವ ಸಲಹೆಗೆ ನೆರೆಯ ಶ್ರೀಲಂಕಾದ ನಿದರ್ಶನವಿದೆ. ಅಲ್ಲಿ ಸ್ವೀಟೇನಿಯಾ ಮಹಾಗನಿಯನ್ನು ಹಲಸಿನ ಜೊತೆ ಬೆರೆಸಿ ಬೆಳೆಸಿದ ಹಳೆಯ ತೋಪುಗಳಲ್ಲಿ ಕುಡಿಕೊರಕದ ಬಾಧೆ ಕಡಿಮೆಯಾಗಿ ಕಾಂಡಗಳು ನೇರವಾಗಿ ಬೆಳೆದವು. ಹಲಸು ಮಲೆನಾಡಿನ ಹಿತ್ತಲಿನ ಮರವೇ. ಹಣ್ಣೂ ಬರುತ್ತದೆ, ಮರವೂ ಬರುತ್ತದೆ.

ಸಸಿ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಇದು ಖಾಯಾವೇ, ಸ್ವೀಟೇನಿಯಾವೇ? ಖಾಯಾ ಆದರೆ ಯಾವ ಬಗೆ? ರಸೀದಿಯಲ್ಲಿ ಅದನ್ನು ಬರೆದು ಕೊಡುವಿರಾ?

2. ಬೀಜ ಯಾವ ತಾಯಿಮರಗಳಿಂದ ಬಂದದ್ದು? ಆ ಮರಗಳನ್ನು ನೋಡಬಹುದೇ?

3. ಮರುಖರೀದಿಯ ಕರಾರಿನಲ್ಲಿ ಸುತ್ತಳತೆ, ಉದ್ದ, ದರ ನಿಗದಿಯ ಕ್ರಮ ಸ್ಪಷ್ಟವಾಗಿದೆಯೇ? ಕರಾರು ಮುರಿದರೆ ಪರಿಹಾರವೇನು?

4. ಇಷ್ಟು ವರ್ಷದ ಮರವನ್ನು ಇಷ್ಟು ದರಕ್ಕೆ ಮಾರಿದ ರೈತರನ್ನು ಭೇಟಿ ಮಾಡಿಸುವಿರಾ?

5. ಸಸಿಯ ದರ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದ ದರಕ್ಕಿಂತ ಎಷ್ಟು ಪಟ್ಟು ಹೆಚ್ಚು, ಏಕೆ?

ಈ ಐದರಲ್ಲಿ ಮೊದಲ ಮತ್ತು ನಾಲ್ಕನೆಯ ಪ್ರಶ್ನೆಗೆ ನೇರ ಉತ್ತರ ದೊರೆಯದಿದ್ದರೆ ಕೊಳ್ಳುವುದನ್ನು ಮುಂದೂಡಿ.

ಮರ ನೆಟ್ಟ ಮೇಲೆ ಅವುಗಳ ಬಗೆ ಮತ್ತು ಸಂಖ್ಯೆಯನ್ನು ಪಹಣಿಯಲ್ಲಿ ನಮೂದಿಸಲು ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕಡಿತಲೆಯ ಅನುಮತಿ ಮತ್ತು ಸಾಗಣೆ ರಹದಾರಿಯ ನಿಯಮ ನಿಮ್ಮ ಮರಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ನೆಡುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ನೀಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಈ ವರ್ಷದ ಪಟ್ಟಿಯಲ್ಲಿ ಯಾವ ಮರಗಳಿವೆ ಎಂಬುದನ್ನೂ ಅಲ್ಲಿಯೇ ವಿಚಾರಿಸಿ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ರೈತರು ಮಹಾಗನಿಯ ಬಗ್ಗೆ ಕೇಳಿದಾಗ ಎಕರೆಗೆ ಎಷ್ಟು ಸಸಿ ಎಂಬುದರಿಂದ ಮಾತು ಆರಂಭಿಸಬೇಡಿ. ಎಷ್ಟು ವರ್ಷ ಕಾಯಬಲ್ಲಿರಿ, ಆ ಅವಧಿಯಲ್ಲಿ ಮನೆಯ ಖರ್ಚು ಯಾವ ಬೆಳೆಯಿಂದ ನಡೆಯುತ್ತದೆ ಎಂದು ಮೊದಲು ಕೇಳಿ. ಸಾಧ್ಯವಾದರೆ ಅವರನ್ನು ಹತ್ತಿರದ ಸಾಮಿಲ್ಲಿಗೆ ಕರೆದೊಯ್ದು ಎಳೆಯ ದಿಮ್ಮಿಯ ಮತ್ತು ಬಲಿತ ದಿಮ್ಮಿಯ ಅಡ್ಡಕೊಯ್ತವನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಬದುವಿನ ಮೇಲಿನ ಇಪ್ಪತ್ತು-ಮೂವತ್ತು ಮರ ಮಕ್ಕಳ ಕಾಲಕ್ಕೆ ಆಸ್ತಿಯಾಗಬಲ್ಲದು. ಆದರೆ ಸಾಲ ಮಾಡಿ, ತೋಟ ತೆಗೆದು ಹಾಕಿದ ಐನೂರು ಮರಗಳನ್ನು ಸಾಲದ ಕಂತು ಬಂದಾಗ ಎಳೆಯದರಲ್ಲೇ ಕಡಿಯಬೇಕಾಗುತ್ತದೆ.